‘ಹೊಂದಿಕೊಂಡು ಹೋಗು’ ಅನ್ನುವುದು ಸ್ಟೇಷನ್ನಿನ ಕೆಲಸವಲ್ಲ

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾನೆ ಎಂದು ನನ್ನ ತಂಗಿ ಪೊಲೀಸ್ ಸ್ಟೇಷನ್‌ಗೆ ಹೋಗಿದ್ದಳು. ‘ಸಂಸಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ, ಹೊಂದಿಕೊಂಡು ಹೋಗಮ್ಮ’ ಎಂದು ವಾಪಸ್ ಕಳಿಸಿದರು. ಲಾಯರ್ ಇಡಲು ನಮ್ಮ ಹತ್ತಿರ ದುಡ್ಡಿಲ್ಲ. ಮನೆಯೊಳಗಿನ ಹೊಡೆತಕ್ಕೆ ಸರ್ಕಾರವನ್ನು ಕೇಳಬಹುದಾ ಮೇಡಂ?
– ಹೆಸರು ಬೇಡ

ಉತ್ತರ: ಧೈರ್ಯವಾಗಿ ಕೇಳಿ. ಪೆಟ್ಟು ತಿಂದು ಬಂದವಳಿಗೆ ಬುದ್ಧಿ ಹೇಳಿ ಕಳಿಸಲು ಯಾವ ಕಾನೂನೂ ಹೇಳಿಲ್ಲ. ಕೌಟುಂಬಿಕ ಹಿಂಸೆ ತಡೆಯಲೆಂದೇ 2005ರಲ್ಲಿ ಕಾಯ್ದೆ ಬಂತು. ದೂರು ಬಂದ ಕೂಡಲೇ ಅವಳಿಗೆ ಯಾವ ಹಕ್ಕುಗಳಿವೆ, ಉಚಿತ ವಕೀಲರು ಸಿಗುತ್ತಾರೆ, ಕ್ರಿಮಿನಲ್ ಕೇಸೂ ಹಾಕಬಹುದು ಎಂದು ಪೊಲೀಸರೇ ತಿಳಿಸಬೇಕು. ಅದು ಅದೇ ಕಾಯ್ದೆಯ 5ನೇ ಸೆಕ್ಷನ್. ನಿಮ್ಮ ತಂಗಿಗೆ ಆ ಒಂದು ಮಾತನ್ನೂ ಯಾರೂ ಹೇಳಲಿಲ್ಲ ಅಲ್ವಾ? ನನಗೆ ಸಿಟ್ಟು ಬರುವುದು ಅಲ್ಲೇ.

ಈಗ ಮಾಡಬೇಕಾದದ್ದು ಕೇಳಿ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ. ಅಂಗನವಾಡಿ ನೋಡಿಕೊಳ್ಳುವ ಈ ಅಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ, ಅಂದರೆ ಹಿಂಸೆಗೊಳಗಾದವಳಿಗೆ ಈ ಕಾಯ್ದೆಯಡಿ ನೆರವಾಗಬೇಕಾದವರು. ಅವರು ಒಂದು ಫಾರಂ ತುಂಬಿಸುತ್ತಾರೆ. ಅದರಲ್ಲಿ ಹೊಡೆತ ಬಡಿತ ಮಾತ್ರ ಇರುವುದಿಲ್ಲ. ವರದಕ್ಷಿಣೆ ತರಲಿಲ್ಲ ಎಂದು ಹಂಗಿಸಿದ್ದು, ಗಂಡು ಮಗು ಆಗಲಿಲ್ಲ ಎಂದು ಅಂದದ್ದು, ಮನೆ ಖರ್ಚಿಗೆ ದುಡ್ಡು ಕೊಡದೆ ಇದ್ದದ್ದು, ಕೆಲಸಕ್ಕೆ ಹೋಗಲು ಬಿಡದೆ ಇದ್ದದ್ದು, ಎಲ್ಲಕ್ಕೂ ಜಾಗ ಇದೆ. ‘ಇದೇನು ದೊಡ್ಡದು’ ಎಂದು ತಂಗಿ ಯಾವುದನ್ನೂ ಬಿಡುವುದು ಬೇಡ. ಗಾಯ ಇದ್ದರೆ ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಲಿ.

ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅವಳನ್ನು ಸುಮ್ನೆ ಹೊರಗೆ ಹಾಕುವಂತಿಲ್ಲ. ಹಿಂಸೆ ಮಾಡಬಾರದು ಎಂದು ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶ ಮೀರಿದರೆ ಗಂಡನಿಗೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಾಯರ್ ಬಗ್ಗೆ ಚಿಂತೆ ಬೇಡ. ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿ ಹೆಣ್ಣುಮಕ್ಕಳಿಗೆ ಉಚಿತವಾಗಿ ಲಾಯರ್ ಕೊಡುತ್ತದೆ, ಆದಾಯ ಎಷ್ಟೇ ಇರಲಿ.

ಸರ್ಕಾರದ ಹೊಣೆ ಕಾಯ್ದೆ ಬರೆಯುವುದಕ್ಕೇ ಮುಗಿಯಲಿಲ್ಲ. ಜನರಿಗೆ ಅದನ್ನು ತಿಳಿಸಬೇಕು, ಪೊಲೀಸರಿಗೆ ತರಬೇತಿ ಕೊಡಬೇಕು ಎಂದೂ ಅದರಲ್ಲೇ ಇದೆ. ಅಂಗನವಾಡಿಯ ರೇಷನ್ನು, ಮೀಟಿಂಗು, ಅದರ ಮೇಲೆ ಹಿಂಸೆಯ ಕೇಸುಗಳು: ಒಬ್ಬ ಸಿಡಿಪಿಒ ಎಷ್ಟು ಕಡೆ ಓಡಬೇಕು? ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಕಾಯ್ದೆ ಬಂದು ಇಪ್ಪತ್ತು ವರ್ಷವಾದ ಮೇಲೆ! ಪೂರ್ತಿ ಹೊತ್ತಿನ ಅಧಿಕಾರಿಯನ್ನು ಕೊಡಿ ಎಂದು ನಿಮ್ಮ ಎಂಎಲ್ಎಗೂ ಬರೆಯಿರಿ.

ಸಿಡಿಪಿಒ ಆಫೀಸಿಗೆ ತಂಗಿಯನ್ನು ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಕೊಟ್ಟ ಕಾಗದಕ್ಕೆ ಸೀಲು, ಸಹಿ ಇರುವ ಪ್ರತಿ ತೆಗೆದುಕೊಳ್ಳಿ. ರಾತ್ರಿ ಮತ್ತೆ ಹೊಡೆತ ಶುರುವಾದರೆ 112ಕ್ಕೆ ಫೋನ್ ಮಾಡಲಿ. ಸಲಹೆ, ಆಸರೆ ಬೇಕಾದರೆ 181.