ಕಾವ್ಯನಾಮ ಇಟ್ಕೊಂಡ್ರೆ ಮೋಸನಾ?
ಆಫೀಸ್‌ನೋರಿಗೆ ಗೊತ್ತಾಗಬಾರ್ದು ಅಂತ ಬೇರೆ ಹೆಸರಲ್ಲಿ ಪತ್ರಿಕೆಗೆ ಕಥೆ ಕಳಿಸಿದ್ರೆ ಓದುಗರಿಗೆ ಮೋಸ ಮಾಡಿದಂಗೆ ಆಗುತ್ತಾ ಅಂತ ಕೇಳಿದೀರಲ್ಲ, ನನ್ ಪ್ರಕಾರ ಇಲ್ಲ, ಹಂಗಂದ್ರೆ ಕನ್ನಡದ ಅರ್ಧ ಕಪಾಟು ಮೋಸನೇ ಆಗ್ಬೇಕು. ಬೇಂದ್ರೆಯವರ ‘ಅಂಬಿಕಾತನಯದತ್ತ’ ನೋಡಿ, ಅಂಬಿಕೆಯ ಮಗ ದತ್ತ, ಅದ್ರಲ್ಲಿ ಅಮ್ಮನೂ ಇದಾರೆ ಅವ್ರ ಸ್ವಂತ ಹೆಸರೂ ಇದೆ, ಮುಚ್ಚಿಟ್ಟಿದ್ದೇನು? ಬೀchi, ಅಂದ್ರೆ ಬೀಚಿ, ರಾಯಸಂ ಭೀಮಸೇನರಾವ್ ಅಂತ ಎಲ್ರಿಗೂ ಗೊತ್ತು. ತ್ರಿವೇಣಿ ಅಂದ್ರೆ ಅನಸೂಯಾ ಶಂಕರ್ ಅನ್ನೋದೂ ಅಷ್ಟೆ.

ಸ್ವಲ್ಪ ಇಕ್ಕಟ್ಟಿನ ಕೇಸ್ ಅಂದ್ರೆ ಕವಿ ಮುದ್ದಣಂದು. ನಿಜವಾದ ಹೆಸರು ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಲಿ ಡ್ರಿಲ್ ಮಾಸ್ಟರು, ತಾನೇ ಕಾವ್ಯ ಬರೆದು ಯಾರೋ ಹಳೇ ಕವಿದು ಅನ್ನೋ ಥರ ಮೈಸೂರಿನ ಪತ್ರಿಕೆಗೆ ಕಳಿಸಿದ್ರು, ಪತ್ರಿಕೆಯೋರೂ ನಂಬಿ ಛಾಪಿಸಿದ್ರು, ಮುದ್ದಣ 1901ರಲ್ಲಿ ಮೂವತ್ತೊಂದನೇ ವಯಸ್ಸಿಗೇ ಹೋಗ್ಬಿಟ್ರು ಪಾಪ. ಇದು ಸುಳ್ಳೇ, ಒಪ್ತೀನಿ, ಆದ್ರೆ ನಷ್ಟ ಆಗಿದ್ದು ಅವ್ರಿಗೇ, ಹೊಗಳಿಕೆ ಕೇಳೋಕೂ ಆಗ್ಲಿಲ್ಲ.

ನಿಮ್ದು ಅಷ್ಟೆಲ್ಲಾ ಇಲ್ವಲ್ಲ, ಆಫೀಸ್‌ನೋರಿಗೆ ಗೊತ್ತಾಗಬಾರ್ದು ಅಷ್ಟೇ ತಾನೇ? ಸಂಪಾದಕರಿಗೆ ಕವರಿಂಗ್ ಲೆಟರಲ್ಲಿ ನಿಜವಾದ ಹೆಸರು, ಬ್ಯಾಂಕ್ ಡೀಟೇಲ್ಸ್ ಕೊಡಿ, ಕಥೆ ಮೇಲೆ ಇಷ್ಟ ಬಂದ ಹೆಸರು ಹಾಕಿ. ಆದ್ರೆ ನೀವು ಬದುಕದೇ ಇರೋ ಬದುಕನ್ನ ‘ನನ್ನ ಅನುಭವ’ ಅಂತ ಮಾತ್ರ ಬರೀಬೇಡಿ, ಅದು ಬೇರೆ ವಿಷ್ಯ.