ಆಂಬುಲೆನ್ಸಿನೊಳಗಿನ ಮದ್ದು: ಯಾವುದು, ಎಷ್ಟು, ಯಾವ ದಾರಿಯಲ್ಲಿ?

ತುರ್ತು ಚಿಕಿತ್ಸೆಯ ಬಗ್ಗೆ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಆಂಬುಲೆನ್ಸಿನವರು ಮದ್ದೇನೋ ಕೊಟ್ಟರು, ಆದರೆ ನಾವು ಅಂದುಕೊಂಡ ಹಾಗೆ ಕೊಡಲಿಲ್ಲ. ತೋಳು ಬಿಟ್ಟು ತೊಡೆಗೆ ಚುಚ್ಚಿದರು, ನುಂಗಿಸುವ ಬದಲು ಅಗಿಯಲು ಹೇಳಿದರು, ಚುಚ್ಚುಮದ್ದು ಕೈಯಲ್ಲಿಟ್ಟುಕೊಂಡೇ ಬೇರೇನೋ ಮಾಡುತ್ತ ನಿಂತರು ಎಂಬ ದೂರುಗಳು. ತುರ್ತಿನಲ್ಲಿ ಮದ್ದಿನ ಹೆಸರಿನಷ್ಟೇ ಅದು ದೇಹ ಸೇರುವ ದಾರಿಯೂ, ಅದರ ಸಾಂದ್ರತೆಯೂ ಮುಖ್ಯ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ಅನುಮಾನಗಳಲ್ಲಿ ಬಹುಪಾಲು ತಾವಾಗಿಯೇ ಬಗೆಹರಿಯುತ್ತವೆ. ಕೆಳಗೆ ಕೊಟ್ಟಿರುವ ಪ್ರಮಾಣಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ಸಿಬ್ಬಂದಿ ತಮ್ಮ ತಮ್ಮ ಸೇವೆಯ ಲಿಖಿತ ನಿಯಮಾವಳಿಯಂತೆಯೇ ನಡೆದುಕೊಳ್ಳುತ್ತಾರೆ. ವೈದ್ಯರು ನಿಮಗೆಂದೇ ಬರೆದುಕೊಟ್ಟು ಬಳಸುವುದನ್ನು ಕಲಿಸಿರುವ ಮದ್ದುಗಳನ್ನು ಬಿಟ್ಟರೆ, ಇಲ್ಲಿನ ಯಾವುದನ್ನೂ ಓದುಗರು ಮನೆಯಲ್ಲಿ ತಾವೇ ಪ್ರಯೋಗಿಸಬಾರದು.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ತರಗತಿಯ ಹುಡುಗನೊಬ್ಬ ಕಡಲೆಕಾಯಿ ಬೆರೆಸಿದ ತಿಂಡಿ ತಿಂದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದೆದ್ದು, ತುಟಿ ಊದಿಕೊಂಡು, ಏದುಸಿರು ಬಿಡತೊಡಗಿದ. ಆಂಬುಲೆನ್ಸಿನವರು ಬಂದವರೇ ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದರು. ರಕ್ತನಾಳಕ್ಕೇ ಕೊಟ್ಟಿದ್ದರೆ ಇನ್ನೂ ಬೇಗ ಗುಣವಾಗುತ್ತಿರಲಿಲ್ಲವೇ?

ಉತ್ತರ: ಅವರು ಕೊಟ್ಟದ್ದು ಅಡ್ರಿನಲಿನ್, ಮತ್ತು ಕೊಟ್ಟ ಜಾಗ ಸರಿಯಾದದ್ದೇ. ತೀವ್ರ ಅಲರ್ಜಿಯಲ್ಲಿ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ, ಗಂಟಲು ಊದಿಕೊಳ್ಳುತ್ತದೆ. ಈ ಮೂರನ್ನೂ ಏಕಕಾಲಕ್ಕೆ ಹಿಮ್ಮೆಟ್ಟಿಸಬಲ್ಲ ಮದ್ದು ಅಡ್ರಿನಲಿನ್ ಒಂದೇ. ತುರಿಕೆಗೆ ಕೊಡುವ ಅಲರ್ಜಿ ಮಾತ್ರೆ ದದ್ದನ್ನು ತಣಿಸುತ್ತದೆಯೇ ಹೊರತು ಉಸಿರನ್ನಾಗಲಿ ರಕ್ತದೊತ್ತಡವನ್ನಾಗಲಿ ಕಾಯುವುದಿಲ್ಲ. ಮೊದಲು ಮಾತ್ರೆ ಕೊಟ್ಟು ನೋಡೋಣ ಎಂದು ಕಾಯುವುದರಲ್ಲಿಯೇ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ.

ತೊಡೆಯ ಹೊರಭಾಗದ ನಡುವಿನಲ್ಲಿರುವ ದೊಡ್ಡ ಸ್ನಾಯುವಿಗೆ ರಕ್ತಸಂಚಾರ ಧಾರಾಳವಾಗಿರುವುದರಿಂದ ಅಲ್ಲಿಗೆ ಬಿದ್ದ ಮದ್ದು ಬೇಗನೆ ರಕ್ತಕ್ಕೆ ಸೇರುತ್ತದೆ. ಅಲರ್ಜಿಯಿದ್ದ ಮಕ್ಕಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೊಡೆಯ ಸ್ನಾಯುವಿಗೆ ಕೊಟ್ಟಾಗ ರಕ್ತದಲ್ಲಿ ಅಡ್ರಿನಲಿನ್ ಗರಿಷ್ಠ ಮಟ್ಟ ಮುಟ್ಟಲು ಸರಾಸರಿ 8 ನಿಮಿಷ ಹಿಡಿದರೆ, ಚರ್ಮದ ಕೆಳಗೆ ಕೊಟ್ಟಾಗ 34 ನಿಮಿಷ ಹಿಡಿಯಿತು. ಹಾಗಾದರೆ ನೇರವಾಗಿ ರಕ್ತನಾಳಕ್ಕೇ ಏಕೆ ಬೇಡ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಬಡಿಯುತ್ತಿರುವ ಹೃದಯಕ್ಕೆ ಅದೇ ಪ್ರಮಾಣದ ಅಡ್ರಿನಲಿನ್ ಒಮ್ಮೆಲೇ ರಕ್ತನಾಳದ ಮೂಲಕ ನುಗ್ಗಿದರೆ ರಕ್ತದೊತ್ತಡ ಹಠಾತ್ತನೆ ಏರಿ, ಹೃದಯದ ಲಯವೇ ತಪ್ಪಬಹುದು. ಸ್ನಾಯುವಿನ ದಾರಿ ಸಾಕಷ್ಟು ವೇಗದ್ದು, ಆದರೆ ಅಂಥ ಅಪಾಯದ್ದಲ್ಲ.

ಪ್ರಮಾಣ ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ, ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕ, ಅಂದರೆ 30 ಕಿಲೋ ತೂಕದ ಹುಡುಗನಿಗೆ 0.3 ಮಿಲಿಗ್ರಾಂ. ಐದು ನಿಮಿಷದಲ್ಲಿ ಸುಧಾರಣೆ ಕಾಣದಿದ್ದರೆ ಮತ್ತೊಮ್ಮೆ ಕೊಡುತ್ತಾರೆ. ನಿಮ್ಮ ಶಾಲೆಯ ಮಗುವಿಗೆ ವೈದ್ಯರು ಅಡ್ರಿನಲಿನ್ ತುಂಬಿದ ಸ್ವಯಂಚಾಲಿತ ಚುಚ್ಚುಮದ್ದಿನ ಪೆನ್ ಬರೆದುಕೊಟ್ಟಿದ್ದರೆ ಅದನ್ನು ಬಳಸುವ ಬಗೆ ಸರಳ: ಮುಷ್ಟಿಯಲ್ಲಿ ಹಿಡಿಯಬೇಕು, ಯಾವ ತುದಿಯ ಮೇಲೂ ಹೆಬ್ಬೆರಳು ಇಡಬಾರದು, ಸುರಕ್ಷಾ ಮುಚ್ಚಳ ಎಳೆದು, ಸೂಜಿಯಿರುವ ತುದಿಯನ್ನು ತೊಡೆಯ ಹೊರಬದಿಗೆ 'ಕ್ಲಿಕ್' ಎನ್ನುವವರೆಗೆ ಒತ್ತಿ, ಪೆನ್ನಿನ ಮೇಲೆ ಬರೆದಿರುವಷ್ಟು ಸೆಕೆಂಡು ಕದಲದಂತೆ ಹಿಡಿಯಬೇಕು. ಮಗುವಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಇನ್ನೊಬ್ಬರಿರಲಿ. ಕಾಲು ಕೊಸರಿದರೆ ಸೂಜಿ ಗೀರಿ ಗಾಯವಾಗುತ್ತದೆ. ಚುಚ್ಚಿದ ಮೇಲೆ ಮಗುವನ್ನು ಎಬ್ಬಿಸಿ ನಡೆಸಬೇಡಿ. ಮಲಗಿಸಿ ಕಾಲುಗಳನ್ನು ಎತ್ತರಿಸಿ, ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಿ. ರಕ್ತದೊತ್ತಡ ಕುಸಿದಿರುವಾಗ ಥಟ್ಟನೆ ಎದ್ದು ನಿಂತವರು ಅಲ್ಲಿಯೇ ಕುಸಿದು ಸತ್ತ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಪ್ರಶ್ನೆ: ತಂದೆಯವರಿಗೆ ಎದೆನೋವು ಬಂದಾಗ ಆಂಬುಲೆನ್ಸಿನವರು ಮೊದಲು ಒಂದು ಮಾತ್ರೆ ಅಗಿಯಲು ಕೊಟ್ಟರು. ನಾಲಿಗೆಯ ಕೆಳಗೆ ಇನ್ನೊಂದು ಮದ್ದು ಕೊಡುವ ಮುನ್ನ ಎಲ್ಲರ ಎದುರೇ 'ಲೈಂಗಿಕ ಶಕ್ತಿಯ ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ?' ಎಂದು ಕೇಳಿದರು. ಅರುವತ್ತೆಂಟರ ಹಿರಿಯರಿಗೆ ಇದು ಅವಮಾನವಲ್ಲವೇ?

ಉತ್ತರ: ನಿಮಗಾದ ಮುಜುಗರ ಅರ್ಥವಾಗುತ್ತದೆ; ಮನೆಯವರನ್ನು ಸ್ವಲ್ಪ ಆಚೆ ಕಳಿಸಿ ಕೇಳಬಹುದಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಪ್ರಶ್ನೆಯನ್ನು ಕೇಳದೆ ಮದ್ದು ಕೊಟ್ಟಿದ್ದರೆ ಅದು ತಪ್ಪಾಗುತ್ತಿತ್ತು. ನಾಲಿಗೆಯ ಕೆಳಗಿಡುವ ಅಥವಾ ಸಿಂಪಡಿಸುವ ಆ ಮದ್ದು ನೈಟ್ರೊಗ್ಲಿಸರಿನ್. ಅದು ರಕ್ತನಾಳಗಳನ್ನು ಹಿಗ್ಗಿಸಿ ಹೃದಯದ ಹೊರೆ ಇಳಿಸುತ್ತದೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಎಂಬ ಮಾತ್ರೆಗಳೂ ಅದೇ ಹಾದಿಯಲ್ಲಿಯೇ ರಕ್ತನಾಳ ಹಿಗ್ಗಿಸುವಂಥವು. ಎರಡೂ ಕೂಡಿದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಆದ್ದರಿಂದ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆಯದೆ ನೈಟ್ರೊಗ್ಲಿಸರಿನ್ ಕೊಡುವಂತಿಲ್ಲ. ಇವೇ ಮಾತ್ರೆಗಳನ್ನು ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ಕಾಯಿಲೆಗೂ ಕೊಡುತ್ತಾರೆ, ಹೆಂಗಸರಿಗೂ ಕೊಡುತ್ತಾರೆ. ಹಾಗಾಗಿ ಪ್ರಶ್ನೆ ಗಂಡಸರಿಗಷ್ಟೇ ಮೀಸಲಲ್ಲ. ಮೇಲಿನ ರಕ್ತದೊತ್ತಡ 90ಕ್ಕಿಂತ ಕಡಿಮೆಯಿದ್ದರೂ ಈ ಮದ್ದನ್ನು ತಡೆಹಿಡಿಯುತ್ತಾರೆ, ಆದ್ದರಿಂದಲೇ ತೋಳಿಗೆ ಪಟ್ಟಿ ಸುತ್ತಿ ಅಳತೆ ನೋಡಿ ಆಮೇಲೆ ಕೊಡುವುದು. ಇದನ್ನು ನುಂಗಿಸಿದರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ, ಕೆಲಸಕ್ಕೆ ಬರುವ ಮೊದಲೇ ಅಲ್ಲಿ ಬಹುಪಾಲು ನಾಶವಾಗುತ್ತದೆ. ನಾಲಿಗೆಯ ಕೆಳಗಿನ ತೆಳುಪೊರೆಯ ಮೂಲಕವಾದರೆ ಒಂದೆರಡು ನಿಮಿಷಗಳಲ್ಲಿ ರಕ್ತ ಸೇರುತ್ತದೆ. (ಡೈನಮೈಟಿನ ಸಿಡಿಯುವ ಪದಾರ್ಥವೂ ಇದೇ. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ ಅವರ ಹೃದ್ರೋಗಕ್ಕೆ ವೈದ್ಯರು ಕೊನೆಗಾಲದಲ್ಲಿ ಬರೆದುಕೊಟ್ಟದ್ದೂ ಇದನ್ನೇ. ಮದ್ದಿನ ಪ್ರಮಾಣದಲ್ಲಿ ಅದು ಸಿಡಿಯುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.)

ಇನ್ನು ಅಗಿಯಲು ಕೊಟ್ಟದ್ದು ಆಸ್ಪಿರಿನ್, ಸಾಮಾನ್ಯವಾಗಿ 300 ಮಿಲಿಗ್ರಾಂ. ಅದು ನೋವಿಗಾಗಿ ಕೊಟ್ಟದ್ದಲ್ಲ. ರಕ್ತದ ಕಿರುಫಲಕಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿಕೊಂಡು ಹೃದಯದ ನಾಳದಲ್ಲಿನ ಹೆಪ್ಪು ಬೆಳೆಯದಂತೆ ತಡೆಯುವುದು ಅದರ ಕೆಲಸ. ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ, ಹೃದಯಾಘಾತದ ಶಂಕೆಯಿದ್ದವರಿಗೆ ಆಸ್ಪಿರಿನ್ ಕೊಟ್ಟಾಗ ಐದು ವಾರಗಳಲ್ಲಿನ ಸಾವು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಯಿತು. ಇಡಿಯಾಗಿ ನುಂಗಿದರೆ, ಅದರಲ್ಲೂ ಹೊಟ್ಟೆಯಲ್ಲಿ ಕರಗದಂತೆ ಲೇಪನ ಮಾಡಿದ ಮಾತ್ರೆಯಾದರೆ, ರಕ್ತ ಸೇರುವುದು ತಡವಾಗುತ್ತದೆ. ಅಗಿದರೆ ಆ ಕಾಯುವಿಕೆ ತಪ್ಪುತ್ತದೆ. ಆಸ್ಪಿರಿನ್ ಅಲರ್ಜಿಯಿರುವವರಿಗೆ, ರಕ್ತಸ್ರಾವ ಆಗುತ್ತಿರುವವರಿಗೆ ಇದು ಸಲ್ಲದು. ಬಾಯಿ ಸೊಟ್ಟಗಾಗಿ ಕೈಕಾಲು ಸೋತವರಿಗಂತೂ ಸ್ಕ್ಯಾನ್ ಆಗುವ ಮುನ್ನ ಕೊಡಲೇಬಾರದು, ಏಕೆಂದರೆ ಮಿದುಳಿನಲ್ಲಿ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಹೊರಗಿನಿಂದ ಹೇಳಲಾಗದು.

ಪ್ರಶ್ನೆ: ಅಪಸ್ಮಾರವಿರುವ ನನ್ನ ತಂಗಿಗೆ ಫಿಟ್ಸ್ ನಿಲ್ಲದಾಗ ಸಿಬ್ಬಂದಿ ಮದ್ದನ್ನು ಕೆನ್ನೆಯೊಳಗೆ ಬಿಟ್ಟರು. ಬಾಯಿಗೆ ಏನೂ ಹಾಕಬಾರದೆಂದು ಅಲ್ಲವೇ ಹೇಳುವುದು?

ಉತ್ತರ: ಚಮಚ, ಬಟ್ಟೆ, ನೀರು ಹಾಕಬಾರದು ಎಂಬುದು ನಿಜ. ಆದರೆ ಮಿಡಜೋಲಾಮ್ ಎಂಬ ಮದ್ದನ್ನು ನುಂಗಿಸುವುದಿಲ್ಲ. ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಗೂ ವಸಡಿಗೂ ನಡುವಿನ ಸಂದಿಗೆ ನಿಧಾನವಾಗಿ, ಅರ್ಧ ಒಂದು ಬದಿಗೆ ಅರ್ಧ ಇನ್ನೊಂದು ಬದಿಗೆ ಬಿಡುತ್ತಾರೆ. ಅಲ್ಲಿನ ಪೊರೆಯೇ ಅದನ್ನು ಹೀರಿಕೊಳ್ಳುತ್ತದೆ. ವಯಸ್ಕರಿಗೆ 10 ಮಿಲಿಗ್ರಾಂ, ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕಡಿಮೆ. ಐದು ನಿಮಿಷ ಮೀರಿದ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುವುದರಿಂದ ಆ ಹೊತ್ತಿಗೆ ಮದ್ದು ಒಳಗೆ ಹೋಗಬೇಕು. ಅದುರುತ್ತಿರುವ ಕೈಯಲ್ಲಿ ರಕ್ತನಾಳ ಹುಡುಕುತ್ತ ಕೂತರೆ ಆಗುವ ನಷ್ಟ ಎಷ್ಟೆಂಬುದನ್ನು 2012ರಲ್ಲಿ ಪ್ರಕಟವಾದ ರ‍್ಯಾಂಪಾರ್ಟ್ ಎಂಬ ಪ್ರಯೋಗ ತೋರಿಸಿತು: ಸ್ನಾಯುವಿಗೆ ಮಿಡಜೋಲಾಮ್ ಚುಚ್ಚಿಸಿಕೊಂಡವರಲ್ಲಿ ಶೇಕಡಾ 73 ಮಂದಿಗೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಫಿಟ್ಸ್ ನಿಂತಿತ್ತು; ರಕ್ತನಾಳದ ಮೂಲಕ ಲೊರಾಜೆಪಾಮ್ ಎಂಬ ಇನ್ನೊಂದು ಮದ್ದು ಪಡೆದವರಲ್ಲಿ ಈ ಪ್ರಮಾಣ ಶೇಕಡಾ 63. ರಕ್ತನಾಳಕ್ಕೆ ಸೇರಿದ ಮೇಲೆ ಮದ್ದು ಬೇಗ ಕೆಲಸ ಮಾಡಿತು, ಆದರೆ ಸೇರಿಸುವುದೇ ತಡವಾಗುತ್ತಿತ್ತು. ಈ ಮದ್ದು ಉಸಿರಾಟವನ್ನು ಮಂದಗೊಳಿಸಬಲ್ಲದ್ದರಿಂದ, ಕೊಟ್ಟ ಬಳಿಕ ಪಕ್ಕಕ್ಕೆ ಮಲಗಿಸಿ ಎದೆಯ ಏರಿಳಿತದ ಮೇಲೆ ಕಣ್ಣಿಟ್ಟಿರಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆಯ ಅಮ್ಮ ಪ್ರಜ್ಞೆ ತಪ್ಪಿದಾಗ ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದೆ. ಆಂಬುಲೆನ್ಸಿನವರು ಗದರಿದರು. ಅವರೂ ಕೊನೆಗೆ ಕೊಟ್ಟದ್ದು ಗ್ಲೂಕೋಸನ್ನೇ!

ಉತ್ತರ: ಕೊಟ್ಟದ್ದು ಒಂದೇ, ಕೊಟ್ಟ ದಾರಿ ಬೇರೆ. ಎಚ್ಚರವಿದ್ದು ಸರಾಗವಾಗಿ ನುಂಗಬಲ್ಲವರಿಗೆ 15ರಿಂದ 20 ಗ್ರಾಂ ಗ್ಲೂಕೋಸ್ ಬಾಯಿಗೇ ಕೊಡುವುದು ಅತ್ಯುತ್ತಮ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರಿಗೆ ಬೆರಳಿಗೆ ಚುಚ್ಚಿ ಸಕ್ಕರೆಯ ಮಟ್ಟ ನೋಡಿ (ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆಯೆಂದು ಲೆಕ್ಕ), ರಕ್ತನಾಳದ ಮೂಲಕ ಶೇಕಡಾ 10ರ ಗ್ಲೂಕೋಸ್ ದ್ರಾವಣವನ್ನು ನೂರು ಮಿಲಿಲೀಟರಿನಂತೆ ಕೊಟ್ಟು ಮತ್ತೆ ಅಳೆಯುತ್ತಾರೆ. ಶೇಕಡಾ 50ರ ಗಟ್ಟಿ ದ್ರಾವಣ ಈಗಲೂ ಹಲವೆಡೆ ಬಳಕೆಯಲ್ಲಿದ್ದರೂ ನನ್ನ ಒಲವು ತೆಳುವಾದದ್ದರ ಕಡೆಗೆ. ಗಟ್ಟಿಯಾದದ್ದು ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುವಷ್ಟು ಹಾನಿ ಮಾಡಬಲ್ಲದು.

ರಕ್ತನಾಳ ಸಿಗದಿದ್ದರೆ ಗ್ಲುಕಗಾನ್ 1 ಮಿಲಿಗ್ರಾಂ ಸ್ನಾಯುವಿಗೆ. ಅದು ಸಕ್ಕರೆಯಲ್ಲ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ತರಿಸುವ ಹಾರ್ಮೋನು. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಬಹಳ ಹೊತ್ತು ಉಪವಾಸವಿದ್ದವರಲ್ಲಿ, ಮದ್ಯ ಹೆಚ್ಚು ಕುಡಿದವರಲ್ಲಿ ಕೂಡಿಟ್ಟದ್ದೇ ಇರುವುದಿಲ್ಲವಾದ್ದರಿಂದ ಗ್ಲುಕಗಾನ್ ಸೋಲುತ್ತದೆ. ಅಮ್ಮನವರು ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡಿನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಎಚ್ಚರಗೊಂಡ ಮೇಲೆ 'ಈಗ ಚೆನ್ನಾಗಿದ್ದಾರಲ್ಲ' ಎಂದು ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಆ ಮಾತ್ರೆಗಳ ಪ್ರಭಾವ ದೀರ್ಘವಾಗಿದ್ದು ಗಂಟೆಗಳ ನಂತರ ಸಕ್ಕರೆ ಮತ್ತೆ ಕುಸಿಯಬಹುದು.

ಪ್ರಶ್ನೆ: ಓಪಿಯಾಯ್ಡ್ (ಅಫೀಮಿನ ಬಗೆಯ) ನೋವಿನ ಮದ್ದು ಮಿತಿಮೀರಿ ನೆರೆಮನೆಯವರ ಉಸಿರು ನಿಂತಂತಿತ್ತು. ಮಾರುಮದ್ದು ಕೈಯಲ್ಲೇ ಇದ್ದರೂ ಸಿಬ್ಬಂದಿ ಮೊದಲು ಉಸಿರು ತುಂಬುವ ಚೀಲ ಒತ್ತುತ್ತ ಕುಳಿತದ್ದೇಕೆ?

ಉತ್ತರ: ಆ ಕ್ಷಣದಲ್ಲಿ ಕೊಲ್ಲುತ್ತಿರುವುದು ಆಮ್ಲಜನಕದ ಕೊರತೆ. ಮಾರುಮದ್ದಾದ ನಲೋಕ್ಸೋನ್ ಕೆಲಸ ಶುರುಮಾಡುವ ನಿಮಿಷಗಳನ್ನು ಮುಖಕವಚವಿರುವ ಆ ಚೀಲ ತುಂಬಿಕೊಡುತ್ತದೆ. ನಲೋಕ್ಸೋನನ್ನು ಮೂಗಿಗೆ ಸಿಂಪಡಿಸಬಹುದು, ಸ್ನಾಯುವಿಗೋ ರಕ್ತನಾಳಕ್ಕೋ ಕೊಡಬಹುದು. ರೋಗಿ ಎದ್ದು ಕೂರುವವರೆಗಲ್ಲ, ಚೆನ್ನಾಗಿ ಉಸಿರಾಡುವವರೆಗೆ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಜಾಣತನ. ಅದರ ಪ್ರಭಾವ 30ರಿಂದ 90 ನಿಮಿಷವಷ್ಟೇ. ನೋವಿನ ಮದ್ದು ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ.

ಪ್ರಶ್ನೆ: ಆಂಬುಲೆನ್ಸ್ ಹತ್ತಿದವರಿಗೆಲ್ಲ ಆಮ್ಲಜನಕ ಕೊಡಬೇಡವೇ?

ಉತ್ತರ: ಬೇಡ. ಅದೂ ಒಂದು ಮದ್ದೇ. ಹೆಚ್ಚಿನವರಲ್ಲಿ ರಕ್ತದ ಆಮ್ಲಜನಕ ಶೇಕಡಾ 94ರಿಂದ 98ರಲ್ಲಿದ್ದರೆ ಸಾಕು. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಿಂದ ಇಂಗಾಲದ ಡೈಆಕ್ಸೈಡ್ ಶೇಖರವಾಗುವ ಅಪಾಯವಿರುವವರಲ್ಲಿ ಗುರಿ 88ರಿಂದ 92.

ಪ್ರಶ್ನೆ: ನಾನು ತುರ್ತು ಸೇವೆಯ ತರಬೇತಿಯಲ್ಲಿದ್ದೇನೆ. ಒಂದೇ ಅಡ್ರಿನಲಿನ್ 1:1000, 1:10,000 ಎಂದು ಎರಡು ಬಗೆಯಲ್ಲಿ ಬರುವುದು ಗೊಂದಲ ಹುಟ್ಟಿಸುತ್ತದೆ. ತಪ್ಪಾಗದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಗೊಂದಲ ಅನುಭವಿಗಳನ್ನೂ ಬಿಟ್ಟಿಲ್ಲ, ಅಮೆರಿಕದಲ್ಲಿ 2016ರಿಂದ ಈ ಅನುಪಾತದ ಬರಹವನ್ನೇ ಅಡ್ರಿನಲಿನ್ ಲೇಬಲಿನಿಂದ ತೆಗೆದುಹಾಕಿದ್ದಾರೆ. ಅನುಪಾತ ಮರೆತು ಮಿಲಿಗ್ರಾಂನಲ್ಲಿ ಯೋಚಿಸಿ. ಮೊದಲನೆಯದರಲ್ಲಿ 1 ಮಿಲಿಲೀಟರಿಗೆ 1 ಮಿಲಿಗ್ರಾಂ, ಎರಡನೆಯದರಲ್ಲಿ 10 ಮಿಲಿಲೀಟರಿಗೆ 1 ಮಿಲಿಗ್ರಾಂ. ಅಲರ್ಜಿಗೆ ಮೊದಲನೆಯದರ ಅರ್ಧ ಮಿಲಿಲೀಟರ್ ಸ್ನಾಯುವಿಗೆ. ಹೃದಯ ನಿಂತವರಿಗೆ ಎರಡನೆಯದರ ಪೂರ್ತಿ 10 ಮಿಲಿಲೀಟರ್ ರಕ್ತನಾಳಕ್ಕೆ, ಪ್ರತಿ 3ರಿಂದ 5 ನಿಮಿಷಕ್ಕೊಮ್ಮೆ. ಹಾಗೆ ಕೊಟ್ಟಾಗ ಹಿಂದೆಯೇ 20 ಮಿಲಿಲೀಟರ್ ಸಲೈನ್ ತಳ್ಳಿ ತೋಳನ್ನು ಎತ್ತಿ ಹಿಡಿಯಿರಿ, ಇಲ್ಲದಿದ್ದರೆ ಮದ್ದು ತೋಳಿನ ನಾಳದಲ್ಲಿಯೇ ನಿಂತಿರುತ್ತದೆ. ರಕ್ತನಾಳ ಸಿಗದಿದ್ದರೆ ಮೊಣಕಾಲಿನ ಕೆಳಗೆ ಮೂಳೆಯೊಳಗೆ ಸೂಜಿ ಇಳಿಸುವ ದಾರಿಯಿದೆ. ಆದರೆ ಸೂಜಿಯ ಗಡಿಬಿಡಿಯಲ್ಲಿ ಎದೆ ಒತ್ತುವ ಕೈ ನಿಲ್ಲಬಾರದು. ಬ್ರಿಟನ್ನಿನಲ್ಲಿ ಎಂಟು ಸಾವಿರ ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೃದಯಸ್ತಂಭನವಾಗಿ 30 ದಿನ ಬದುಕುಳಿದವರು ಅಡ್ರಿನಲಿನ್ ಪಡೆದವರಲ್ಲಿ ಶೇಕಡಾ 3.2, ಪಡೆಯದವರಲ್ಲಿ 2.4. ಮದ್ದಿನ ಲಾಭ ಇದೆ, ಆದರೆ ಇಷ್ಟೇ ಇದೆ.

ವೇಗವೂ ಪ್ರಮಾಣದ ಭಾಗವೇ ಎಂದು ತಿಳಿಯಿರಿ. ಅಪಘಾತದ ರಕ್ತಸ್ರಾವಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಹತ್ತು ನಿಮಿಷಗಳ ಉದ್ದಕ್ಕೂ ಹೋಗಬೇಕು, ಒಮ್ಮೆಲೇ ತಳ್ಳಿದರೆ ರಕ್ತದೊತ್ತಡ ಇಳಿಯುತ್ತದೆ. ಗಾಯವಾಗಿ ಮೂರು ಗಂಟೆ ದಾಟಿದ್ದರೆ ಕೊಡುವುದೇ ಬೇಡ. ಆಂಪೂಲನ್ನು (ಮದ್ದಿನ ಪುಟ್ಟ ಗಾಜಿನ ಶೀಸೆ) ಪೆಟ್ಟಿಗೆಯಿಂದ ತೆಗೆದಾಗ ಒಮ್ಮೆ, ಕತ್ತು ಮುರಿಯುವ ಮುನ್ನ ಒಮ್ಮೆ, ಕೊಡುವ ಮುನ್ನ ಮತ್ತೊಮ್ಮೆ ಹೆಸರು, ಸಾಂದ್ರತೆ, ಅವಧಿ ಮುಗಿಯುವ ದಿನಾಂಕವನ್ನು ಗಟ್ಟಿಯಾಗಿ ಓದಿ. ಜೊತೆಗಾರರು ತಾವೂ ಲೇಬಲ್ ನೋಡಿಯೇ ಉತ್ತರಿಸಲಿ, ನಿಮ್ಮ ಮಾತಿಗೆ ತಲೆಯಾಡಿಸಿದರೆ ಸಾಲದು. ಸಿರಿಂಜಿಗೆ ಎಳೆದುಕೊಂಡ ತಕ್ಷಣ ಹೆಸರಿನ ಚೀಟಿ ಅಂಟಿಸಿ; ಬಣ್ಣವಿಲ್ಲದ ದ್ರವಗಳೆಲ್ಲ ಸಿರಿಂಜಿನೊಳಗೆ ಒಂದೇ ಥರ ಕಾಣುತ್ತವೆ. ಖಾಲಿ ಆಂಪೂಲುಗಳನ್ನು ಕೊಟ್ಟ ಸಮಯದ ಟಿಪ್ಪಣಿಯ ಜೊತೆಗೆ ಒಂದು ತಟ್ಟೆಯಲ್ಲಿ ಉಳಿಸಿಕೊಂಡಿದ್ದು, ರೋಗಿಯನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಲೆಕ್ಕ ತಾಳೆ ನೋಡಿದ ಮೇಲಷ್ಟೇ ಚೂಪು ವಸ್ತುಗಳ ಡಬ್ಬಿಗೆ ಹಾಕಿ.