ನಲವತ್ತೆಂಟು ಲಕ್ಷ ಅರ್ಧ ಪೆನ್ನಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಗ ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಹೋದಾಗ ಬ್ಲೆನಾವನ್ ಅನ್ನೋ ಊರಿನ ಹಳೇ ಕಲ್ಲಿದ್ದಲು ಗಣಿ ತೋರಿಸಿದ. ವಾಪಸ್ ಬರುವಾಗ ಊರೊಳಗೆ ಒಂದು ಕಲ್ಲಿನ ಕಟ್ಟಡ ಕಂಡಿತು. ಊರು ಇಷ್ಟೇ ಇಷ್ಟು, ಕಟ್ಟಡ ಮಾತ್ರ ಅರಮನೆ ಹಾಗಿದೆ. 'ವರ್ಕ್‌ಮೆನ್ಸ್ ಹಾಲ್' ಅಂತೆ. ಕೂಲಿಯವರೇ ವಾರಕ್ಕೆ ಅರ್ಧ ಪೆನ್ನಿ ಹಾಕಿ ಕಟ್ಟಿದ್ದು ಎಂದು ಅಲ್ಲೊಬ್ಬ ಅಜ್ಜ ಹೇಳಿದರು. ನನಗಂತೂ ನಂಬಿಕೆ ಬರಲಿಲ್ಲ. ನೀವು ಆ ಕಡೆ ಬಹಳ ವರ್ಷ ಇದ್ದವರು. ಇದು ನಿಜವಾ? ಅಷ್ಟು ದೊಡ್ಡ ಹಾಲ್ ಅವರಿಗೆ ಯಾಕೆ ಬೇಕಿತ್ತು?
– ಓದುಗರೊಬ್ಬರು, ತಿಪಟೂರು

ಉತ್ತರ: ಅಜ್ಜ ಹೇಳಿದ್ದು ನಿಜ ಕಣಮ್ಮ. ಆ ಹಾಲ್ ಬಾಗಿಲು ತೆರೆದಿದ್ದು 1895ರಲ್ಲಿ. ನಕ್ಷೆ ಬರೆದವನು ನಿಮ್ಮ ಮಗ ಇರುವ ನ್ಯೂಪೋರ್ಟ್‌ನವನೇ, ಇ. ಎ. ಲಾನ್ಸ್‌ಡೌನ್. ಖರ್ಚು ಸುಮಾರು 10,000 ಪೌಂಡ್. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ, ಅಂದರೆ 480 ಅರ್ಧ ಪೆನ್ನಿ. ಒಂದು ರಾತ್ರಿ ನಿದ್ದೆ ಬಾರದೆ ಸುಮ್ನೆ ಗುಣಿಸಿ ನೋಡಿದ್ದೆ. ಒಟ್ಟು 48 ಲಕ್ಷ ಅರ್ಧ ಪೆನ್ನಿ! ಒಬ್ಬನೇ ವಾರಕ್ಕೊಂದರಂತೆ ಕಟ್ಟಲು ಕೂತರೆ 92 ಸಾವಿರ ವರ್ಷ ಬೇಕು. ಊರಿಗೆ ಊರೇ ಕೈಹಾಕಿತು, ಆಯ್ತು. ಈಗ ಅಲ್ಲಿ ಸುಮಾರು ಆರು ಸಾವಿರ ಜನ ಇರಬಹುದು. ಆ ಕಾಲದಲ್ಲಿ ಹತ್ತು ಸಾವಿರದ ಮೇಲಿದ್ದರು.

ಊರಿನ ಹೆಸರು ಚೆನ್ನಾಗಿದೆ ನೋಡಿ. ವೆಲ್ಶ್ ಭಾಷೆಯಲ್ಲಿ 'ಬ್ಲೈನ್' ಅಂದರೆ ಹೊಳೆಯ ತಲೆ, 'ಆವೊನ್' ಅಂದರೆ ಹೊಳೆ. ನಮ್ಮ ತಲಕಾವೇರಿ ಇದ್ದ ಹಾಗೆ. ಆದರೆ ತೀರ್ಥದ ಬದಲು ಅಲ್ಲಿ ಸಿಕ್ಕಿದ್ದು ಕಬ್ಬಿಣದ ಅದಿರು, ಸುಣ್ಣದ ಕಲ್ಲು, ಕಲ್ಲಿದ್ದಲು. 1789ರ ಹೊತ್ತಿಗೆ ಕಬ್ಬಿಣ ಕರಗಿಸುವ ಕುಲುಮೆಗಳು ಎದ್ದವು. ಕೆಲಸ ಕಂಪನಿಯದು, ಮನೆ ಕಂಪನಿಯದು, ಅಂಗಡಿಯೂ ಕಂಪನಿಯದೇ. ಆ ಸೀಮೆಯಲ್ಲೆಲ್ಲ ಕೂಲಿಯನ್ನು ದುಡ್ಡಿನ ಬದಲು ಅಂಗಡಿ ಸಾಮಾನಿನಲ್ಲಿ ತೀರಿಸುವ ಪದ್ಧತಿ ಇತ್ತು. 1831ರಲ್ಲಿ ಕಾಯ್ದೆ ಮಾಡಿ ಅದನ್ನು ನಿಷೇಧಿಸಿದರು. ಆಮೇಲೂ ಕೆಲವು ಕಡೆ ಕದ್ದುಮುಚ್ಚಿ ನಡೆಯಿತು.

ಅಂಥ ಊರಲ್ಲಿ ಗಣಿಯಿಂದ ಮೇಲೆ ಬಂದವನು ಹೋಗುವುದಾದರೂ ಎಲ್ಲಿಗೆ? ಮನೆಯಲ್ಲಿ ಜಾಗವಿಲ್ಲ. ಉಳಿದಿದ್ದು ಚರ್ಚು, ಇಲ್ಲವೇ ಹೆಂಡದಂಗಡಿ. ಈ ಹಾಲ್ ಅವರಿಗೆ ಮೂರನೇ ಜಾಗವಾಯಿತು. ಒಳಗೆ ಲೈಬ್ರರಿ, ಪೇಪರ್ ಓದುವ ಕೋಣೆ, ಬಿಲಿಯರ್ಡ್ಸ್ ಮೇಜುಗಳು, ಸಭೆ-ಸಂಗೀತಕ್ಕೆ ದೊಡ್ಡ ಸಭಾಂಗಣ. ಆಮೇಲೆ ಸಿನಿಮಾನೂ ಬಂತು.

ನನ್ನ ಕ್ಲಿನಿಕ್ಕಿಗೆ ಒಬ್ಬ ಮುದುಕ ಬರುತ್ತಿದ್ದ. ಎದೆಯ ತುಂಬ ಕಲ್ಲಿದ್ದಲ ಧೂಳು. ಅಲ್ಲಿಯವರು ಆ ಕಾಯಿಲೆಯ ಉದ್ದನೆಯ ಹೆಸರು ಹೇಳುವುದಿಲ್ಲ, 'ಡಸ್ಟ್' ಅಂತಾರೆ, ಅಷ್ಟೇ. ನಾಲ್ಕು ಮಾತಾಡಿದರೆ ಏದುಸಿರು. ಹಾಲ್ ವಿಷಯ ತೆಗೆದರೆ ಮಾತ್ರ ನಿಲ್ಲಿಸುತ್ತಲೇ ಇರಲಿಲ್ಲ. ಅವನ ಅಪ್ಪ ಅಲ್ಲಿ ಪೇಪರ್ ಓದುತ್ತಿದ್ದುದು ನಿಂತುಕೊಂಡೇ ಅಂತೆ. ಕೂತರೆ ನಿದ್ದೆ ಬಂದುಬಿಡುತ್ತಿತ್ತಂತೆ! ಒಂದು ದಿನ ನಾನು ಬುದ್ಧಿವಂತನ ಹಾಗೆ "ಕಂಪನಿಯವರು ಒಳ್ಳೇ ಕೆಲಸ ಮಾಡಿದ್ದಾರೆ" ಅಂದೆ. ಸ್ಟೆತಾಸ್ಕೋಪ್ ಇಟ್ಟಿದ್ದ ನನ್ನ ಕೈಯನ್ನು ಮೆಲ್ಲಗೆ ಸರಿಸಿದ. "ಕಂಪನಿ ಅಲ್ಲ ಡಾಕ್ಟರ್, ನಾವು" ಅಂದ. ಅವತ್ತಿನಿಂದ ಆ ತಪ್ಪು ಮಾಡಿಲ್ಲ.

ಇದು ಒಂದು ಊರಿನ ಕಥೆಯೂ ಅಲ್ಲ. ಟ್ರಿಯಾರ್ಕಿಯ ಪಾರ್ಕ್ ಅಂಡ್ ಡೇರ್ ಹಾಲನ್ನು ಅಲ್ಲಿಯ ಗಣಿಯವರು ಪೌಂಡಿಗೊಂದು ಪೆನ್ನಿಯಂತೆ ತಮ್ಮ ಕೂಲಿಯಿಂದ ಕೊಟ್ಟು ಕಟ್ಟಿದರು. 1934ರ ಹೊತ್ತಿಗೆ ದಕ್ಷಿಣ ವೇಲ್ಸ್‌ನಲ್ಲಿ ಗಣಿಯವರದೇ ಲೈಬ್ರರಿಗಳು ನೂರಕ್ಕೂ ಜಾಸ್ತಿ ಇದ್ದವು. ಬ್ಲೆನಾವನ್‌ನಿಂದ ಕೆಲವೇ ಮೈಲಿ ಆಚೆಗಿರುವ ಟ್ರೆಡೀಗರ್‌ನಲ್ಲಿ, ಹದಿಮೂರನೇ ವಯಸ್ಸಿಗೇ ಗಣಿಗಿಳಿದ ಹುಡುಗನೊಬ್ಬ ಇಂಥದ್ದೇ ಲೈಬ್ರರಿಯಲ್ಲಿ ಓದಿ ಬೆಳೆದ. ಹೆಸರು ಅನೈರಿನ್ ಬೆವನ್. ಆ ಊರಲ್ಲಿ ಕೂಲಿಯಿಂದ ಒಂದಿಷ್ಟು ಮುರಿದುಕೊಂಡು ಡಾಕ್ಟರು, ಔಷಧಿ ಒದಗಿಸುವ ಸಂಘವೂ ಇತ್ತು. ಮುಂದೆ ಬೆವನ್ ಆರೋಗ್ಯ ಮಂತ್ರಿಯಾಗಿ, 1948ರ ಜುಲೈ 5ರಂದು ಇಡೀ ದೇಶಕ್ಕೆ ಎನ್‌ಎಚ್‌ಎಸ್, ಅಂದರೆ ಸರ್ಕಾರವೇ ನಡೆಸುವ ಆರೋಗ್ಯ ಸೇವೆ, ಶುರುಮಾಡಿದ. ಮಾದರಿಯಾಗಿ ಅವನ ಮುಂದೆ ಇದ್ದದ್ದು ಆ ಸಂಘ. ಆ ಕಣಿವೆಗಳಲ್ಲಿ ಕೆಲಸ ಮಾಡಲು ಅಲ್ಲಿಯ ಡಾಕ್ಟರುಗಳು ಸಾಲದೇ ಹೋದಾಗ ನಮ್ಮ ದೇಶದಿಂದ ಎಷ್ಟೋ ಜನ ಹೋದರು. ನಾನೂ ಒಬ್ಬ. ಹಾಗೆ ನೋಡಿದರೆ ನಾನು ಉಂಡ ಅನ್ನದಲ್ಲೂ ಅಂಥ ಪೆನ್ನಿಗಳಿವೆ.

ಎಲ್ಲ ಹಾಲ್‌ಗಳಿಗೂ ಬ್ಲೆನಾವನ್‌ನ ಅದೃಷ್ಟ ಇರಲಿಲ್ಲ. ಗಣಿಗಳು ಮುಚ್ಚಿದವು. ನೀವು ನೋಡಿದ 'ಬಿಗ್ ಪಿಟ್' ಮುಚ್ಚಿದ್ದು 1980ರಲ್ಲಿ. ಮೂರೇ ವರ್ಷಕ್ಕೆ ಅದು ಮ್ಯೂಸಿಯಂ ಆಯಿತು, 2000ದಲ್ಲಿ ಊರ ಸುತ್ತಲಿನ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಬೇರೆ ಕಡೆ ಕೂಲಿಯೇ ಇಲ್ಲವಾದ ಮೇಲೆ ಹಾಲ್ ನಡೆಸುವ ಪೆನ್ನಿ ಎಲ್ಲಿಂದ ಬರಬೇಕು? ಎಷ್ಟೋ ಲೈಬ್ರರಿಗಳು ಚೆದುರಿಹೋದವು. ಉಳಿದ ಪುಸ್ತಕಗಳನ್ನು ಕೂಡಿಹಾಕಿ 1973ರಲ್ಲಿ ಸ್ವಾನ್ಸಿಯಲ್ಲಿ ಗಣಿಯವರ ಲೈಬ್ರರಿ ಅಂತಲೇ ಒಂದನ್ನು ತೆರೆದರು.

ಓಕ್‌ಡೇಲ್ ಎಂಬ ಊರಿನ ಹಾಲ್ ಮಾತ್ರ ವಿಚಿತ್ರವಾಗಿ ಉಳಿಯಿತು. 1917ರಲ್ಲಿ ಬಾಗಿಲು ತೆರೆದ ಕಟ್ಟಡ ಅದು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಕಾರ್ಡಿಫ್ ಹತ್ತಿರದ ಸೇಂಟ್ ಫ್ಯಾಗನ್ಸ್ ಮ್ಯೂಸಿಯಂಗೆ ಸಾಗಿಸಿ, ಮತ್ತೆ ಜೋಡಿಸಿ 1995ರಲ್ಲಿ ತೆರೆದರು. ಮುಂದಿನ ಸಲ ಹೋದಾಗ ಮಗನಿಗೆ ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ. ನ್ಯೂಪೋರ್ಟ್‌ನಿಂದ ದೂರವೇನಿಲ್ಲ. ಒಳಗೆ ಹೋಗಲು ಟಿಕೆಟ್ ಇಲ್ಲ, ಕಾರು ನಿಲ್ಲಿಸಲು ಮಾತ್ರ ದುಡ್ಡು ಕೊಡಬೇಕು. ಅರ್ಧ ಪೆನ್ನಿಗಿಂತ ಸ್ವಲ್ಪ ಜಾಸ್ತಿ.